ಅಳಿದ ನುಡಿಗಳು, ಉಳಿದ ಪ್ರಶ್ನೆಗಳು: ಟಾಸ್ಮೇನಿಯದ ಮೂಲನಿವಾಸಿಗಳ ಭಾಷೆಯ ಕಥೆ

ಮನೆಯ ಹಿರಿಯ ಜೀವವೊಂದು ಕಣ್ಮರೆಯಾದಾಗ ನಾವು ಅವರ ಗುಣಗಳನ್ನು ನೆನೆಯುತ್ತೇವೆ. ಅವರು ಬಿಟ್ಟುಹೋದ ಹೊಲಮನೆಗಳ ಲೆಕ್ಕವನ್ನೂ ಹಾಕುತ್ತೇವೆ. ಆದರೆ ಅವರೊಡನೆ ಇನ್ನೊಂದು ಸಂಪತ್ತೂ ಸದ್ದಿಲ್ಲದೆ ಹೊರಟುಹೋಗಿರುತ್ತದೆ. ಅದು ಅವರ ಮಾತು. ಅಜ್ಜಿ ಬಲ್ಲ ಗಿಡಮೂಲಿಕೆಗಳ ಹೆಸರು, ಬೀಸುವಾಗ ಹೇಳುತ್ತಿದ್ದ ಹಾಡು, ಮಗುವನ್ನು ಸಂತೈಸುವಾಗ ಆಡುತ್ತಿದ್ದ ಮುದ್ದುನುಡಿ, ಇವುಗಳಲ್ಲಿ ಎಷ್ಟೋ ಮಾತುಗಳು ಅವರ ನಂತರ ಯಾರ ಬಾಯಲ್ಲೂ ಕೇಳಿಬರುವುದಿಲ್ಲ. ಕನ್ನಡದಂತಹ ಕೋಟ್ಯಂತರ ಜನರ ನುಡಿಯಲ್ಲಿ ಈ ನಷ್ಟ ಒಂದು ಹನಿ ನೀರು ಕಡಿಮೆಯಾದಂತೆ. ಯಾರ ಕಣ್ಣಿಗೂ ಬೀಳದು. ಆದರೆ ಕೆಲವೇ ಸಾವಿರ ಜನರು ಆಡುವ ಭಾಷೆಯೊಂದರಲ್ಲಿ, ಒಂದೇ ತಲೆಮಾರಿನ ಅವಧಿಯಲ್ಲಿ ಹಿರಿಯರೆಲ್ಲರೂ ಇಲ್ಲವಾಗಿ, ಮಕ್ಕಳನ್ನೂ ಅವರಿಂದ ಬೇರ್ಪಡಿಸಿದರೆ ಏನಾಗುತ್ತದೆ?

ಈ ಪ್ರಶ್ನೆಗೆ ಉತ್ತರವನ್ನು ಆಸ್ಟ್ರೇಲಿಯದ ದಕ್ಷಿಣಕ್ಕಿರುವ ಟಾಸ್ಮೇನಿಯ ದ್ವೀಪದ ಚರಿತ್ರೆ ಕೊಡುತ್ತದೆ. ಅಲ್ಲಿನ ಮೂಲನಿವಾಸಿಗಳ ನುಡಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಅಳಿದುಹೋದವು. ಆ ನುಡಿಗಳು ಎಷ್ಟಿದ್ದವು, ಎಲ್ಲಿಂದ ಬಂದವು, ಜಗತ್ತಿನ ಯಾವ ಭಾಷೆಗಳಿಗೆ ಅವು ಬಂಧುಗಳು ಎಂಬುದು ಇಂದಿಗೂ ಬಗೆಹರಿಯದ ಒಗಟಾಗಿ ಉಳಿದಿದೆ. ಆ ಒಗಟು ಏಕೆ ಬಗೆಹರಿಯಲಿಲ್ಲ ಎಂಬುದನ್ನು ತಿಳಿಯುವುದು, ಭಾಷೆಯೆಂದರೆ ಏನು ಎಂಬುದನ್ನು ತಿಳಿಯುವುದಕ್ಕೂ ಒಂದು ದಾರಿ.

ಕಡಲು ಸುತ್ತುವರಿದ ನಾಡು

ಟಾಸ್ಮೇನಿಯ ಸುಮಾರು 68 ಸಾವಿರ ಚದರ ಕಿಲೋಮೀಟರ್ ವಿಸ್ತಾರದ ನಾಡು. ಅಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ತುಸು ದೊಡ್ಡದು. ಬೆಟ್ಟ, ದಟ್ಟ ಕಾಡು, ಚಳಿಗಾಳಿ, ಹಿಮ ಇವೆಲ್ಲವೂ ಅಲ್ಲಿವೆ. ಆಸ್ಟ್ರೇಲಿಯದ ಮುಖ್ಯ ಭೂಭಾಗಕ್ಕೂ ಈ ದ್ವೀಪಕ್ಕೂ ನಡುವೆ ಸುಮಾರು 240 ಕಿಲೋಮೀಟರ್ ಅಗಲದ ಬಾಸ್ ಜಲಸಂಧಿ ಇದೆ. ಆದರೆ ಈ ಕಡಲು ಅನಾದಿಯಿಂದ ಅಲ್ಲಿದ್ದುದಲ್ಲ. ಹಿಮಯುಗದಲ್ಲಿ ಭೂಮಿಯ ನೀರು ಅಪಾರ ಪ್ರಮಾಣದಲ್ಲಿ ಮಂಜುಗಡ್ಡೆಯಾಗಿ ಕಟ್ಟಿಕೊಂಡಿದ್ದಾಗ ಸಮುದ್ರದ ಮಟ್ಟ ಬಹಳ ಕೆಳಗಿತ್ತು. ಆಗ ಮುಖ್ಯ ಭೂಭಾಗದಿಂದ ಟಾಸ್ಮೇನಿಯಕ್ಕೆ ಒಣನೆಲದ ಮೇಲೆ ನಡೆದುಕೊಂಡೇ ಹೋಗಬಹುದಾಗಿತ್ತು. ಮಂಜು ಕರಗಿ ಕಡಲು ಏರಿದಂತೆ, ಸುಮಾರು 12 ಸಾವಿರ ವರ್ಷಗಳ ಹಿಂದೆ ಆ ನೆಲಸೇತುವೆ ಮುಳುಗಿತು. ಆಚೆ ಉಳಿದ ಜನರು ಅಂದಿನಿಂದ ಹೊರಜಗತ್ತಿನ ಸಂಪರ್ಕವಿಲ್ಲದೆ ಬಾಳಿದರು. ಇಷ್ಟು ದೀರ್ಘಕಾಲ ಉಳಿದ ಮನುಕುಲದಿಂದ ಬೇರ್ಪಟ್ಟು ಬದುಕಿದ ಇನ್ನೊಂದು ಸಮಾಜವನ್ನು ಚರಿತ್ರೆಯಲ್ಲಿ ಹುಡುಕುವುದು ಕಷ್ಟ.

1642ರಲ್ಲಿ ಡಚ್ ನಾವಿಕ ಅಬೆಲ್ ಟಾಸ್ಮನ್ ಈ ದ್ವೀಪವನ್ನು ಕಂಡು ಅದಕ್ಕೆ ವ್ಯಾನ್ ಡೀಮನ್ಸ್ ಲ್ಯಾಂಡ್ ಎಂದು ಹೆಸರಿಟ್ಟ. ಟಾಸ್ಮೇನಿಯ ಎಂಬ ಹೆಸರು ಅಧಿಕೃತವಾಗಿ ಬಂದದ್ದು 1856ರಲ್ಲಿ. ಆತನ ನಂತರ ಫ್ರೆಂಚರೂ ಇಂಗ್ಲಿಷರೂ ಬಂದುಹೋದರು. 1803ರಲ್ಲಿ ಬ್ರಿಟಿಷರು ರಿಸ್ಡನ್ ಕೋವ್ ಎಂಬಲ್ಲಿ ನೆಲೆಯೂರಿದರು. ಆಗ ದ್ವೀಪದಲ್ಲಿದ್ದ ಮೂಲನಿವಾಸಿಗಳ ಸಂಖ್ಯೆಯನ್ನು ವಿದ್ವಾಂಸರು ಕೆಲವು ಸಾವಿರ ಎಂದು ಅಂದಾಜಿಸುತ್ತಾರೆ. ಒಂದೊಂದು ತಂಡಕ್ಕೂ ತನ್ನದೇ ಆದ ನೆಲ, ತನ್ನದೇ ಆದ ಬೇಟೆಯ ದಾರಿ, ತನ್ನದೇ ಆದ ಮಾತು ಇತ್ತು.

ಮೂವತ್ತು ವರ್ಷಗಳಲ್ಲಿ ಮುಗಿದ ಬಾಳು

ಬ್ರಿಟಿಷರ ವಸಾಹತು ಬೆಳೆದಂತೆ ಕುರಿ ಸಾಕಣೆಗಾಗಿ ಹುಲ್ಲುಗಾವಲುಗಳನ್ನು ಆಕ್ರಮಿಸಿಕೊಳ್ಳಲಾಯಿತು. ಮೂಲನಿವಾಸಿಗಳ ಕಾಂಗರೂ ಬೇಟೆಯ ನೆಲ ಕೈತಪ್ಪಿತು. ಎರಡೂ ಕಡೆಯ ಘರ್ಷಣೆ 1820ರ ದಶಕದಲ್ಲಿ ಘೋರ ರೂಪ ತಾಳಿತು. 1828ರಲ್ಲಿ ಗವರ್ನರ್ ಜಾರ್ಜ್ ಆರ್ಥರ್ ಸೈನಿಕ ಶಾಸನವನ್ನು ಘೋಷಿಸಿದನು. 1830ರಲ್ಲಿ ಸೈನಿಕರು, ವಸಾಹತುಗಾರರು, ಕೈದಿಗಳು ಸೇರಿ ಸುಮಾರು 2,200 ಜನರ ಸಾಲನ್ನು ಕಟ್ಟಿ, ಕಾಡನ್ನು ಜಾಲಾಡುತ್ತ ಮೂಲನಿವಾಸಿಗಳನ್ನು ಒಂದು ಮೂಲೆಗೆ ಅಟ್ಟುವ ಪ್ರಯತ್ನ ನಡೆಯಿತು. ಅಷ್ಟು ದೊಡ್ಡ ಬಲೆಗೆ ಸೆರೆಸಿಕ್ಕವರು ಇಬ್ಬರೇ. ಆದರೆ ಆ ಹೊತ್ತಿಗಾಗಲೇ ಗುಂಡಿಗೂ ರೋಗಕ್ಕೂ ಬಲಿಯಾಗಿ ಮೂಲನಿವಾಸಿಗಳಲ್ಲಿ ಬಹುಪಾಲು ಜನ ಅಳಿದಿದ್ದರು.

ಉಳಿದವರನ್ನು ಬಲಾತ್ಕಾರದಿಂದ ಹಿಡಿಯುವ ಬದಲು ಒಲಿಸಿ ಕರೆತರುವ ಹೊಣೆಯನ್ನು ಜಾರ್ಜ್ ಅಗಸ್ಟಸ್ ರಾಬಿನ್ಸನ್ ಹೊತ್ತನು. ಮನೆ ಕಟ್ಟುವ ಕಸುಬಿನ ಈತ ಟ್ರುಗನಿನಿ ಎಂಬ ತರುಣಿಯೇ ಮೊದಲಾದ ಮೂಲನಿವಾಸಿಗಳ ನೆರವಿನಿಂದ ಅವರ ಮಾತನ್ನು ಒಂದಿಷ್ಟು ಕಲಿತು, ಹಲವು ವರ್ಷ ಕಾಡುಮೇಡು ಅಲೆದನು. ಆತನ ಮಾತನ್ನು ನಂಬಿ ಬಂದವರನ್ನು ಬಾಸ್ ಜಲಸಂಧಿಯ ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಲಾಯಿತು. ಅಲ್ಲಿ 1833ರಲ್ಲಿ ನೆಲೆಗೊಂಡ ಶಿಬಿರಕ್ಕೆ ವೈಬಲೆನ್ನ ಎಂದು ಹೆಸರು. ‘ಕಪ್ಪು ಜನರ ಮನೆಗಳು’ ಎಂದು ಅದರ ಅರ್ಥವನ್ನು ಹೇಳುತ್ತಾರೆ. ಗಡಿಪಾರಾದವರ ಬಿಡಾರಕ್ಕೆ ಅವರದೇ ನುಡಿಯ ಹೆಸರು!

ಅಲ್ಲಿಗೆ ಹೋದವರು ಸುಮಾರು 200 ಮಂದಿ. ಹುಟ್ಟಿದ ನೆಲದಿಂದ ದೂರವಾದ ಕೊರಗು, ಒಗ್ಗದ ಆಹಾರ, ಶ್ವಾಸಕೋಶದ ರೋಗ ಇವು ಅವರನ್ನು ಒಬ್ಬೊಬ್ಬರನ್ನಾಗಿ ತಿಂದುಹಾಕಿದವು. 1847ರಲ್ಲಿ ಆ ಶಿಬಿರವನ್ನು ಮುಚ್ಚಿ ಉಳಿದವರನ್ನು ಹೋಬಾರ್ಟ್ ನಗರದ ದಕ್ಷಿಣಕ್ಕಿರುವ ಆಯ್ಸ್ಟರ್ ಕೋವ್‌ಗೆ ತಂದಾಗ ಇದ್ದವರು 47 ಮಂದಿ ಮಾತ್ರ.

ಭಾಷೆಯ ದೃಷ್ಟಿಯಿಂದ ನೋಡಿದರೆ ವೈಬಲೆನ್ನದಲ್ಲಿ ನಡೆದದ್ದು ಎರಡು ಬಗೆಯ ಹಾನಿ. ಮೊದಲನೆಯದು, ಬೇರೆ ಬೇರೆ ನುಡಿಗಳನ್ನಾಡುವವರು ಒಂದೇ ಕಡೆ ಕೂಡಿಹಾಕಲ್ಪಟ್ಟುದರಿಂದ, ಪರಸ್ಪರ ವ್ಯವಹಾರಕ್ಕಾಗಿ ಎಲ್ಲರ ಮಾತುಗಳೂ ಇಂಗ್ಲಿಷೂ ಕಲಸಿಹೋದ ಒಂದು ಮಿಶ್ರನುಡಿ ಹುಟ್ಟಿಕೊಂಡಿತು. ಯಾವ ಮಾತು ಯಾವ ತಂಡದ್ದು ಎಂಬುದು ಅಲ್ಲಿಗೆ ಮಸುಕಾಯಿತು. ಎರಡನೆಯದು, ಮಕ್ಕಳನ್ನು ತಾಯ್ತಂದೆಯರ ಮಡಿಲಿನಿಂದ ತೆಗೆದು ಉಪದೇಶಿಯ ಮನೆಯಲ್ಲಿಯೂ, ಹೋಬಾರ್ಟ್ ಬಳಿಯ ಅನಾಥಾಲಯದಲ್ಲಿಯೂ ಬೆಳೆಸಲಾಯಿತು. ಹಿರಿಯರ ಬಾಯಿಗೂ ಕಿರಿಯರ ಕಿವಿಗೂ ನಡುವಣ ದಾರಿ ಕಡಿದುಹೋಯಿತು. ಒಂದು ಭಾಷೆ ಸಾಯುವುದು ಅದರ ಕೊನೆಯ ಮಾತುಗಾರ ಮಡಿದ ದಿನವಲ್ಲ. ಅದನ್ನು ಕೇಳಿ ಕಲಿಯುವ ಮಗು ಇಲ್ಲವಾದ ದಿನ.

ಕಿವಿಗೆ ಬಿದ್ದಂತೆ ಬರೆದ ಪಟ್ಟಿಗಳು

ಟಾಸ್ಮೇನಿಯದ ನುಡಿಗಳಿಗೆ ಲಿಪಿ ಇರಲಿಲ್ಲ. ಇಂದು ನಮಗೆ ಉಳಿದಿರುವುದೆಲ್ಲ ಹೊರಗಿನವರು ಬರೆದಿಟ್ಟ ಪದಗಳ ಪಟ್ಟಿಗಳು. 1777ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನ ವೈದ್ಯ ವಿಲಿಯಂ ಆಂಡರ್ಸನ್ ಬ್ರೂನಿ ದ್ವೀಪದಲ್ಲಿ ಕೆಲವು ಪದಗಳನ್ನು ಬರೆದುಕೊಂಡನು. 1793ರಲ್ಲಿ ಫ್ರೆಂಚ್ ಸಸ್ಯವಿಜ್ಞಾನಿ ಲಾಬಿಯಾರ್ಡಿಯೇರ್, 1802ರಲ್ಲಿ ಫ್ರಾನ್ಸ್ವಾ ಪೆರೋನ್ ಇನ್ನಷ್ಟು ಪದಗಳನ್ನು ಸಂಗ್ರಹಿಸಿದರು. ರಾಬಿನ್ಸನ್ ತನ್ನ ದಿನಚರಿಗಳಲ್ಲಿ ನೂರಾರು ಹೆಸರುಗಳನ್ನೂ ಮಾತುಗಳನ್ನೂ ಬರೆದಿಟ್ಟನು. ಫ್ಲಿಂಡರ್ಸ್ ದ್ವೀಪದಲ್ಲಿಯೂ ಆಯ್ಸ್ಟರ್ ಕೋವ್‌ನಲ್ಲಿಯೂ ಮೇಲ್ವಿಚಾರಕನಾಗಿದ್ದ ವೈದ್ಯ ಜೋಸೆಫ್ ಮಿಲಿಗನ್ ಸಂಗ್ರಹಿಸಿದ ಪದಕೋಶವನ್ನು 1859ರಲ್ಲಿ ಟಾಸ್ಮೇನಿಯದ ರಾಯಲ್ ಸೊಸೈಟಿ ಪ್ರಕಟಿಸಿತು. ಇಂಥ ಎಲ್ಲ ಪಟ್ಟಿಗಳನ್ನೂ ಒಟ್ಟುಗೂಡಿಸಿ ಎನ್.ಜೆ.ಬಿ. ಪ್ಲಾಮ್ಲಿ ಎಂಬ ವಿದ್ವಾಂಸರು 1976ರಲ್ಲಿ ಒಂದು ಸಮಗ್ರ ಪದಸಂಗ್ರಹವನ್ನು ಹೊರತಂದರು.

ಇಷ್ಟೆಲ್ಲ ಇದ್ದ ಮೇಲೆ ಕೊರತೆ ಏನು ಎಂದು ಓದುಗರು ಕೇಳಬಹುದು. ಕೊರತೆ ಮೂರು ಬಗೆಯದು.

ಮೊದಲನೆಯದಾಗಿ, ಪದ ಬರೆದವರಾರೂ ಭಾಷಾವಿಜ್ಞಾನಿಗಳಲ್ಲ. ಅವರು ತಮ್ಮ ಕಿವಿಗೆ ಕೇಳಿಸಿದಂತೆ, ತಮ್ಮ ತಮ್ಮ ಭಾಷೆಯ ಕಾಗುಣಿತದಲ್ಲಿ ಬರೆದರು. ಇಂಗ್ಲಿಷನು ಬರೆದುದು ಒಂದು ರೀತಿ, ಫ್ರೆಂಚನು ಬರೆದುದು ಇನ್ನೊಂದು ರೀತಿ. ಅಲ್ಲಿನ ನುಡಿಗಳಲ್ಲಿ ‘ಕ’ಕಾರಕ್ಕೂ ‘ಗ’ಕಾರಕ್ಕೂ, ‘ಪ’ಕಾರಕ್ಕೂ ‘ಬ’ಕಾರಕ್ಕೂ ನಮ್ಮಲ್ಲಿರುವಂತೆ ಅರ್ಥಭೇದ ಇದ್ದಂತೆ ತೋರುವುದಿಲ್ಲ. ತಮಿಳು ಬರವಣಿಗೆಯನ್ನು ಬಲ್ಲವರಿಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಒಂದೇ ಅಕ್ಷರ ‘ಕ’ವೂ ಹೌದು, ‘ಗ’ವೂ ಹೌದು. ಹೀಗಾಗಿ ಕೇಳಿದವರು ಒಮ್ಮೆ ಹಾಗೆ, ಒಮ್ಮೆ ಹೀಗೆ ಬರೆದರು. ಮೇಲೆ ಹೇಳಿದ ಟ್ರುಗನಿನಿಯ ಹೆಸರನ್ನೇ ನೋಡಿ. ಟ್ರುಗನಿನಿ, ಟ್ರುಕನಿನಿ, ಟ್ರುಗರ್ನನ್ನರ್ ಎಂಬ ರೂಪಗಳೆಲ್ಲ ದಾಖಲೆಗಳಲ್ಲಿವೆ. ಎದುರಿಗೇ ಇದ್ದು ನಿತ್ಯವೂ ಕಂಡ ವ್ಯಕ್ತಿಯ ಹೆಸರಿಗೇ ಈ ಗತಿಯಾದರೆ, ಒಮ್ಮೆ ಮಾತ್ರ ಕಿವಿಗೆ ಬಿದ್ದ ಮಾತುಗಳ ಪಾಡೇನು?

ಎರಡನೆಯದಾಗಿ, ಅನೇಕ ಪಟ್ಟಿಗಳಲ್ಲಿ ಪದ ಹೇಳಿದವರು ಯಾರು, ಅವರು ಯಾವ ಸೀಮೆಯವರು ಎಂಬ ವಿವರವೇ ಇಲ್ಲ. ಶಿಬಿರದಲ್ಲಿ ಎಲ್ಲ ಸೀಮೆಯವರೂ ಬೆರೆತಿದ್ದಾಗ ಬರೆದ ಪಟ್ಟಿಯೊಂದರಲ್ಲಿ ನಾಲ್ಕು ಭಾಷೆಗಳ ಪದಗಳು ಒಂದೇ ಭಾಷೆಯವೆಂಬಂತೆ ಸಾಲಾಗಿ ನಿಂತಿರಬಹುದು.

ಮೂರನೆಯದು ಎಲ್ಲಕ್ಕಿಂತ ದೊಡ್ಡ ಕೊರತೆ: ಯಾರೂ ವ್ಯಾಕರಣವನ್ನು ಬರೆದಿಡಲಿಲ್ಲ. ಪದ ಭಾಷೆಯ ಇಟ್ಟಿಗೆ. ವ್ಯಾಕರಣ ಅದರ ಕಟ್ಟಡ. ಧರ್ಮೋಪದೇಶಕ್ಕಾಗಿ ಬಿಳಿಯರು ರಚಿಸಿದ ಕೆಲವು ವಾಕ್ಯಗಳು ದೊರೆಯುತ್ತವೆಯಾದರೂ ಅವುಗಳಲ್ಲಿ ಪದಗಳು ಅಲ್ಲಿನವು, ವಾಕ್ಯದ ಜೋಡಣೆ ಇಂಗ್ಲಿಷಿನದು. ಮೂಲನಿವಾಸಿಗಳು ತಮ್ಮ ತಮ್ಮೊಳಗೆ ಹೇಗೆ ಮಾತನಾಡುತ್ತಿದ್ದರೆಂಬುದಕ್ಕೆ ಅವು ಸಾಕ್ಷಿಯಾಗಲಾರವು.

ಎಷ್ಟು ಭಾಷೆಗಳು?

ಹೀಗಾಗಿ ಟಾಸ್ಮೇನಿಯದಲ್ಲಿ ಎಷ್ಟು ಭಾಷೆಗಳಿದ್ದವು ಎಂಬ ಸರಳ ಪ್ರಶ್ನೆಗೂ ವಿದ್ವಾಂಸರು ಬೇರೆ ಬೇರೆ ಉತ್ತರ ಕೊಟ್ಟರು. ಆಸ್ಟ್ರಿಯದ ವಿಲ್ಹೆಲ್ಮ್ ಷ್ಮಿಟ್ 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಐದು ಭಾಷೆಗಳನ್ನು ಗುರುತಿಸಿದರು. 1981ರಲ್ಲಿ ಟೆರಿ ಕ್ರೌಲಿ ಮತ್ತು ಆರ್.ಎಂ.ಡಬ್ಲ್ಯು. ಡಿಕ್ಸನ್ ಎಂಬ ಭಾಷಾವಿಜ್ಞಾನಿಗಳು ಲಭ್ಯವಿರುವ ಸಾಮಗ್ರಿಯನ್ನೆಲ್ಲ ತೂಗಿ ನೋಡಿ, ಅದು ಎಷ್ಟು ಅಪೂರ್ಣವೆಂಬುದನ್ನು ತೋರಿಸಿಕೊಟ್ಟರು.

2012ರಲ್ಲಿ ಕ್ಲೇರ್ ಬೋವರ್ನ್ ಎಂಬ ಭಾಷಾವಿಜ್ಞಾನಿ ಹೊಸ ಮಾರ್ಗವೊಂದನ್ನು ಹಿಡಿದರು. ಜೀವವಿಜ್ಞಾನಿಗಳು ಪ್ರಾಣಿಗಳ ವಂಶಾವಳಿಯನ್ನು ಕಟ್ಟಲು ಬಳಸುವ ಗಣಿತದ ವಿಧಾನಗಳನ್ನು ಅವರು ಈ ಹಳೆಯ ಪಟ್ಟಿಗಳಿಗೆ ಅನ್ವಯಿಸಿದರು. ಯಾವ ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಭಾಷೆಗಳ ಪದಗಳು ಬೆರೆತಿವೆ ಎಂಬುದನ್ನು ಮೊದಲು ಬೇರ್ಪಡಿಸಿ, ಆಮೇಲೆ ಹೋಲಿಕೆಗಳನ್ನು ಎಣಿಸಿದರು. ಅದರ ಫಲವಾಗಿ 12 ಭಾಷೆಗಳೂ, ಅವು ಸೇರುವ ಐದು ಗುಂಪುಗಳೂ ಕಾಣಿಸಿಕೊಂಡವು. ಆ ಐದು ಗುಂಪುಗಳು ಪರಸ್ಪರ ಬಂಧುಗಳೆಂದು ಕೂಡ ಸಿದ್ಧಪಡಿಸಲಾಗದು ಎಂಬುದು ಅವರ ನಿರ್ಣಯ. ಚಿಕ್ಕದೊಂದು ದ್ವೀಪ, ಹನ್ನೆರಡು ಭಾಷೆ, ಐದು ಮನೆತನ! ‘ಟಾಸ್ಮೇನಿಯದ ಭಾಷೆ’ ಎಂದು ಏಕವಚನದಲ್ಲಿ ಹೇಳುವುದೇ ಸರಿಯಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಮೂಲ ಎಲ್ಲಿ?

ಇನ್ನು ಈ ನುಡಿಗಳ ಮೂಲದ ಮಾತು. ಇಲ್ಲಿ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದವರೇ ಹೆಚ್ಚು.

ಟಾಸ್ಮೇನಿಯದವರ ಗುಂಗುರು ಕೂದಲನ್ನು ಕಂಡ ಹತ್ತೊಂಬತ್ತನೆಯ ಶತಮಾನದ ಕೆಲವು ಪಂಡಿತರು, ಇವರು ಆಸ್ಟ್ರೇಲಿಯದವರಲ್ಲ, ಶಾಂತಸಾಗರದ ಮೆಲನೇಷಿಯ ದ್ವೀಪಗಳಿಂದ ಕಡಲ ದಾರಿಯಲ್ಲಿ ಬಂದವರು ಎಂದು ವಾದಿಸಿದರು. ಆದರೆ ಟಾಸ್ಮೇನಿಯದವರ ಬಳಿ ಇದ್ದುದು ಮರದ ತೊಗಟೆ ಮತ್ತು ಜೊಂಡಿನಿಂದ ಕಟ್ಟಿದ ತೆಪ್ಪಗಳು. ಸಮೀಪದ ದ್ವೀಪಗಳಿಗೆ ಅವು ಸಾಕು. ಮಹಾಸಾಗರವನ್ನು ದಾಟಲು ಸಾಲವು. ಮುಂದೆ ಉತ್ಖನನಗಳು ಈ ಪ್ರಶ್ನೆಗೆ ಉತ್ತರ ಕೊಟ್ಟವು. ಫ್ರಾಂಕ್ಲಿನ್ ನದಿಯ ದಡದ ಕುಟಿಕಿನ ಗುಹೆಯಲ್ಲಿ 1981ರಲ್ಲಿ ನಡೆದ ಅಗೆತದಲ್ಲಿ ಹಿಮಯುಗದ ಕಾಲದಲ್ಲೇ, ಸುಮಾರು 20 ಸಾವಿರ ವರ್ಷಗಳ ಹಿಂದೆ, ಮನುಷ್ಯರು ಅಲ್ಲಿ ವಾಸಿಸಿದ್ದ ಕುರುಹುಗಳು ಸಿಕ್ಕವು. ಬಳಿಕ ದೊರೆತ ಇತರ ನೆಲೆಗಳು ಈ ಕಾಲವನ್ನು ಇನ್ನೂ ಹಿಂದಕ್ಕೆ, ಸುಮಾರು 40 ಸಾವಿರ ವರ್ಷಗಳವರೆಗೆ ಒಯ್ದವು. ಆ ಕಾಲದಲ್ಲಿ ನೆಲಸೇತುವೆ ಇದ್ದಿತಾದ್ದರಿಂದ ದೋಣಿಯ ಊಹೆಯೇ ಅನಗತ್ಯವಾಯಿತು. ಟಾಸ್ಮೇನಿಯದ ಜನರು ಆಸ್ಟ್ರೇಲಿಯದಿಂದ ನಡೆದುಬಂದವರು ಎಂಬುದು ಇಂದು ಒಪ್ಪಿತವಾದ ಮಾತು.

ಜನರ ಮೂಲ ತಿಳಿಯಿತು. ಹಾಗಾದರೆ ಭಾಷೆಯ ಮೂಲವೂ ತಿಳಿದಂತಾಯಿತಲ್ಲವೇ? ಇಲ್ಲ. ಇಲ್ಲಿಯೇ ಇರುವುದು ಸೂಕ್ಷ್ಮ. ಭಾಷೆಗಳ ಬಂಧುತ್ವವನ್ನು ನಿರ್ಣಯಿಸುವ ತೌಲನಿಕ ವಿಧಾನಕ್ಕೆ ಒಂದು ಮಿತಿಯಿದೆ. ಭಾಷೆಗಳು ಬೇರೆಯಾದ ಮೇಲೆ ಪದಗಳು ಸವೆಯುತ್ತವೆ, ಬದಲಾಗುತ್ತವೆ, ಹೊಸವು ಬರುತ್ತವೆ. ಎಂಟು ಹತ್ತು ಸಾವಿರ ವರ್ಷಗಳಾಚೆಗೆ ಉಳಿಯುವ ಹೋಲಿಕೆ ಎಷ್ಟು ಕಡಿಮೆಯೆಂದರೆ, ಅದು ನಿಜವಾದ ರಕ್ತಸಂಬಂಧವೋ ಆಕಸ್ಮಿಕವೋ ಎಂದು ಹೇಳುವುದು ಅಸಾಧ್ಯವಾಗುತ್ತದೆ. ಬಾಸ್ ಜಲಸಂಧಿ ಉಕ್ಕಿದ್ದು ಅದಕ್ಕೂ ಮೊದಲು. ಅಂದರೆ ಉತ್ತಮ ದಾಖಲೆಗಳಿದ್ದಿದ್ದರೂ ಈ ಕೆಲಸ ಕಠಿಣವೇ. ಹರಕು ಪಟ್ಟಿಗಳಿಂದ ಅದು ಆಗುವುದೆಂತು?

ಇನ್ನೂ ಒಂದು ತೊಡಕಿದೆ. ಬ್ರಿಟಿಷರು ಬಂದಾಗ ಆಸ್ಟ್ರೇಲಿಯದಲ್ಲಿ ಸುಮಾರು 250 ಭಾಷೆಗಳಿದ್ದವು. ಖಂಡದ ಹತ್ತರಲ್ಲಿ ಒಂಬತ್ತು ಭಾಗದಷ್ಟು ನೆಲದಲ್ಲಿ ಹರಡಿದ್ದುದು ಪಾಮ-ನ್ಯುಂಗನ್ ಎಂಬ ಒಂದೇ ಭಾಷಾಕುಟುಂಬ. ಆ ಕುಟುಂಬ ಹರಡಿದ್ದು ಕಳೆದ ಆರು ಸಾವಿರ ವರ್ಷಗಳ ಈಚೆಗೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಹಾಗಿದ್ದರೆ ನೆಲಸೇತುವೆ ಇದ್ದ ಕಾಲದಲ್ಲಿ ಆಚೆ ದಡದಲ್ಲಿ ಕೇಳಿಬರುತ್ತಿದ್ದ ಭಾಷೆಗಳೇ ಬೇರೆ. ಅವು ಈ ಹರಡುವಿಕೆಯಲ್ಲಿ ಅಳಿದುಹೋಗಿರಬಹುದು. ಟಾಸ್ಮೇನಿಯದ ನುಡಿಗಳ ನಿಜವಾದ ದಾಯಾದಿಗಳು ನಾವು ಹುಡುಕಲು ಹೊರಡುವ ಮೊದಲೇ ಇಲ್ಲವಾಗಿರಬಹುದು.

1971ರಲ್ಲಿ ಅಮೆರಿಕದ ಜೋಸೆಫ್ ಗ್ರೀನ್‌ಬರ್ಗ್ ಎಂಬ ಪ್ರಸಿದ್ಧ ವಿದ್ವಾಂಸರು ಮತ್ತೊಂದು ಸಿದ್ಧಾಂತ ಮಂಡಿಸಿದರು. ನಮ್ಮ ಅಂಡಮಾನ್ ದ್ವೀಪಗಳ ನುಡಿಗಳು, ನ್ಯೂಗಿನಿಯ ನುಡಿಗಳು, ಟಾಸ್ಮೇನಿಯದ ನುಡಿಗಳು ಎಲ್ಲವೂ ಇಂಡೋ-ಪೆಸಿಫಿಕ್ ಎಂಬ ಒಂದೇ ಮಹಾಕುಟುಂಬಕ್ಕೆ ಸೇರಿದವು ಎಂಬುದು ಅವರ ವಾದ. ಆದರೆ ಕೆಲವು ಪದಗಳ ಮೇಲ್ನೋಟದ ಹೋಲಿಕೆಯನ್ನು ಬಿಟ್ಟರೆ ಅದಕ್ಕೆ ಗಟ್ಟಿಯಾದ ಆಧಾರವಿಲ್ಲವೆಂದು ಬಹುತೇಕ ಭಾಷಾವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ.

ದ್ರಾವಿಡ ನುಡಿಗಳ ನಂಟಿನ ಮಾತು

ಇಂಥ ಹುಡುಕಾಟದಲ್ಲಿ ನಮ್ಮ ಕನ್ನಡದ ಹೆಸರೂ ಒಮ್ಮೆ ಕೇಳಿಬಂದಿತ್ತೆಂಬುದು ಅನೇಕ ಓದುಗರಿಗೆ ಹೊಸ ಸಂಗತಿಯಾಗಬಹುದು. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್, ಆಸ್ಟ್ರೇಲಿಯದ ಮುಖ್ಯ ಭೂಭಾಗದ ಭಾಷೆಗಳಿಗೂ ದ್ರಾವಿಡ ಭಾಷೆಗಳಿಗೂ ಇರುವ ಕೆಲವು ಸಾಮ್ಯಗಳತ್ತ ಗಮನ ಸೆಳೆದರು. ‘ನಾನು’ ಎಂಬ ಅರ್ಥದ ಸರ್ವನಾಮದ ಹೋಲಿಕೆ, ಪದದ ಕೊನೆಗೆ ಪ್ರತ್ಯಯಗಳನ್ನು ಒಂದಾದ ಮೇಲೊಂದರಂತೆ ಅಂಟಿಸುವ ರೀತಿ ಅವರ ಕಣ್ಣಿಗೆ ಬಿದ್ದಿದ್ದವು. ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಿಸಿ ಉಚ್ಚರಿಸುವ ನಮ್ಮ ‘ಟ’, ‘ಣ’, ‘ಳ’ಗಳಂತಹ ಮೂರ್ಧನ್ಯ ಧ್ವನಿಗಳು ಆಸ್ಟ್ರೇಲಿಯದ ಅನೇಕ ಭಾಷೆಗಳಲ್ಲಿವೆ ಎಂಬುದೂ ನಿಜ.

ಆದರೆ ಮುಖದ ಹೋಲಿಕೆ ಇದ್ದ ಮಾತ್ರಕ್ಕೆ ಇಬ್ಬರು ಒಂದೇ ಮನೆತನದವರಾಗುವುದಿಲ್ಲ. ಪ್ರತ್ಯಯಗಳನ್ನು ಅಂಟಿಸುವ ರೀತಿ ತುರ್ಕಿಯಲ್ಲಿಯೂ ಇದೆ, ಜಪಾನಿಯಲ್ಲಿಯೂ ಇದೆ. ಬಂಧುತ್ವವನ್ನು ಸಾಧಿಸಬೇಕಾದರೆ ನೂರಾರು ಪದಗಳಲ್ಲಿ ನಿಯಮಬದ್ಧವಾದ ಧ್ವನಿಸಂವಾದವನ್ನು ತೋರಿಸಬೇಕು. ತಮಿಳಿನ ‘ಪಾಲ್’ ಕನ್ನಡದ ‘ಹಾಲು’ ಆಗಿ, ‘ಪಲ್’ ಎಂಬುದು ‘ಹಲ್ಲು’ ಆಗಿ, ‘ಪುಲಿ’ ಎಂಬುದು ‘ಹುಲಿ’ ಆಗಿ ಒಂದೇ ನಿಯಮಕ್ಕೆ ಬದ್ಧವಾಗಿ ನಡೆದಿವೆಯಲ್ಲ, ಅಂತಹ ಪುರಾವೆ ಬೇಕು. ಆಸ್ಟ್ರೇಲಿಯದ ಭಾಷೆಗಳೊಂದಿಗೆ ಅಂತಹ ಪುರಾವೆ ದ್ರಾವಿಡಕ್ಕೆ ದೊರೆತಿಲ್ಲ. ಟಾಸ್ಮೇನಿಯದ ನುಡಿಗಳ ವಿಷಯದಲ್ಲಂತೂ ಇಂತಹ ಪರೀಕ್ಷೆಗೆ ಬೇಕಾದ ಸಾಮಗ್ರಿಯೇ ಇಲ್ಲ. ನಮ್ಮ ನುಡಿಯ ಮೇಲಿನ ಅಭಿಮಾನ ದೊಡ್ಡದು. ಆದರೆ ಅಭಿಮಾನ ಆಧಾರದ ಸ್ಥಾನದಲ್ಲಿ ಕುಳಿತುಕೊಳ್ಳಬಾರದು.

ಮೇಣದಲ್ಲಿ ಉಳಿದ ದನಿ

ಇಷ್ಟು ಕತ್ತಲೆಯ ನಡುವೆ ಒಂದು ಹಣತೆಯಂತೆ ಉಳಿದಿರುವುದು ಒಬ್ಬ ತಾಯಿಯ ದನಿ. ಆಕೆಯ ಹೆಸರು ಫ್ಯಾನಿ ಕೊಕ್ರನ್ ಸ್ಮಿತ್. 1834ರ ಡಿಸೆಂಬರ್‌ನಲ್ಲಿ ವೈಬಲೆನ್ನದಲ್ಲಿ ಹುಟ್ಟಿದವಳು. ತಾಯಿ ಟಂಗನುಟುರ. ಎಳೆಯ ವಯಸ್ಸಿನಲ್ಲೇ ತಾಯಿಯಿಂದ ಬೇರ್ಪಟ್ಟು ಪರರ ಮನೆಯಲ್ಲಿಯೂ ಅನಾಥಾಲಯದಲ್ಲಿಯೂ ಬೆಳೆದು, ಚಾಕರಿ ಮಾಡಿ, ಕಷ್ಟವನ್ನೇ ಉಂಡವಳು. ಆದರೂ ಹಿರಿಯರ ನಡುವೆ ಇದ್ದಷ್ಟು ಕಾಲ ಅವರ ಹಾಡುಗಳನ್ನು ಕಿವಿಗೊಟ್ಟು ಕಲಿತಳು. 1854ರಲ್ಲಿ ವಿಲಿಯಂ ಸ್ಮಿತ್ ಎಂಬುವನನ್ನು ಮದುವೆಯಾಗಿ ಹನ್ನೊಂದು ಮಕ್ಕಳ ತಾಯಿಯಾದಳು. ಸಿಗ್ನೆಟ್ ಊರಿನ ಸಮೀಪ ತನಗೆ ಸರ್ಕಾರ ಕೊಟ್ಟ ನೆಲದಲ್ಲಿ ಸಂಸಾರ ಹೂಡಿ, ತಾನು ನಂಬಿದ ಕ್ರೈಸ್ತ ಮತದ ಪ್ರಾರ್ಥನಾಮಂದಿರಕ್ಕೆ ತನ್ನ ನೆಲದಲ್ಲಿಯೇ ಜಾಗ ಕೊಟ್ಟಳು. ಮತ ಬೇರೆಯಾದರೂ ತನ್ನ ಕುಲದ ಹಾಡು, ಕುಣಿತ, ಕಾಡಿನ ತಿಳಿವಳಿಕೆಯನ್ನು ಆಕೆ ಬಿಟ್ಟುಕೊಡಲಿಲ್ಲ.

1899ರಲ್ಲಿ ಟಾಸ್ಮೇನಿಯದ ರಾಯಲ್ ಸೊಸೈಟಿಯ ಆಶ್ರಯದಲ್ಲಿಯೂ, 1903ರಲ್ಲಿ ಹೊರೇಸ್ ವಾಟ್ಸನ್ ಎಂಬುವರ ಮನೆಯಲ್ಲಿಯೂ ಆಕೆಯ ದನಿಯನ್ನು ಎಡಿಸನ್ನನ ಫೋನೋಗ್ರಾಫ್ ಯಂತ್ರದಲ್ಲಿ ಮುದ್ರಿಸಿಕೊಳ್ಳಲಾಯಿತು. ಆ ಯಂತ್ರದ ಅಗಲವಾದ ಕೊಳವೆಯ ಮುಂದೆ ಆಕೆ ಕುಳಿತಿರುವ ಛಾಯಾಚಿತ್ರವೂ ಉಳಿದಿದೆ. ತಿರುಗುವ ಮೇಣದ ಉರುಳೆಯ ಮೇಲೆ ಮುಳ್ಳು ಗೀರಿದ ಸೂಕ್ಷ್ಮ ಗೆರೆಗಳಲ್ಲಿ ವಸಂತ ಋತುವಿನ ಹಾಡೊಂದು, ಮತ್ತೆ ಕೆಲವು ಹಾಡು ಮಾತುಗಳು ನಿಂತವು. ಟಾಸ್ಮೇನಿಯದ ಮೂಲನುಡಿಗಳ ಧ್ವನಿಮುದ್ರಣವೆಂದರೆ ಇವಿಷ್ಟೇ. 1905ರ ಫೆಬ್ರವರಿಯಲ್ಲಿ ಫ್ಯಾನಿ ತೀರಿಕೊಂಡಳು. 2017ರಲ್ಲಿ ಈ ಮುದ್ರಣಗಳನ್ನು ಯುನೆಸ್ಕೋದ ವಿಶ್ವಸ್ಮೃತಿ ಯೋಜನೆಯ ಆಸ್ಟ್ರೇಲಿಯ ಪಟ್ಟಿಯಲ್ಲಿ ಸೇರಿಸಲಾಯಿತು.

ಆ ಹಾಡಿನ ಪ್ರತಿಯೊಂದು ಪದದ ಅರ್ಥವನ್ನೂ ಖಚಿತವಾಗಿ ಹೇಳಬಲ್ಲವರು ಇಂದು ಇಲ್ಲ. ಆದರೂ ಬರಹದ ಪಟ್ಟಿಗಳು ಕೊಡಲಾರದ ಒಂದನ್ನು ಅದು ಕೊಡುತ್ತದೆ: ಸ್ವರದ ಏರಿಳಿತ, ಉಚ್ಚಾರದ ನಿಜವಾದ ರೀತಿ.

‘ಕೊನೆಯವಳು’ ಎಂಬ ಹಣೆಪಟ್ಟಿ

ಮೇಲೆ ಹೇಳಿದ ಟ್ರುಗನಿನಿ 1876ರ ಮೇ 8ರಂದು ಹೋಬಾರ್ಟ್‌ನಲ್ಲಿ ಕಣ್ಮುಚ್ಚಿದಾಗ ಟಾಸ್ಮೇನಿಯದ ಮೂಲನಿವಾಸಿಗಳಲ್ಲಿ ಕೊನೆಯವಳು ತೀರಿಕೊಂಡಳೆಂದು ಜಗತ್ತಿಗೆಲ್ಲ ಸಾರಲಾಯಿತು. ತನ್ನ ದೇಹವನ್ನು ಕೊಯ್ಯಬಾರದೆಂಬ ಆಕೆಯ ಪ್ರಾರ್ಥನೆಗೆ ಬೆಲೆ ಸಿಗಲಿಲ್ಲ. ಹೂತ ದೇಹವನ್ನು ಹೊರತೆಗೆದು, ಅಸ್ಥಿಪಂಜರವನ್ನು 1904ರಿಂದ 1947ರವರೆಗೆ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಡಲಾಗಿತ್ತು. ಆಕೆ ಸತ್ತು ನೂರು ವರ್ಷ ತುಂಬಿದ 1976ರಲ್ಲಿ ಆ ಅಸ್ಥಿಗಳನ್ನು ದಹಿಸಿ, ಆಕೆ ಹುಟ್ಟಿದ ಬ್ರೂನಿ ದ್ವೀಪದ ಬಳಿಯ ಕಡಲಿನಲ್ಲಿ ಬೂದಿಯನ್ನು ವಿಸರ್ಜಿಸಲಾಯಿತು. ಅಸ್ಥಿ ವಿಸರ್ಜನೆಯ ಮಹತ್ವವನ್ನು ಬಲ್ಲ ನಮ್ಮ ನಾಡಿನವರಿಗೆ ಆ ನೂರು ವರ್ಷಗಳ ತಡದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಆದರೆ ‘ಕೊನೆಯವಳು’ ಎಂಬ ಮಾತೇ ತಪ್ಪಾಗಿತ್ತು. ಫ್ಯಾನಿಯ ಮಕ್ಕಳು ಮೊಮ್ಮಕ್ಕಳಿದ್ದರು. ಬಾಸ್ ಜಲಸಂಧಿಯ ದ್ವೀಪಗಳಲ್ಲಿ ಕಡಲುನಾಯಿ ಬೇಟೆಗಾರರೊಡನೆ ಬಾಳಿದ ಮೂಲನಿವಾಸಿ ಹೆಂಗಸರ ಸಂತತಿ ಇತ್ತು. 2021ರ ಜನಗಣತಿಯಲ್ಲಿ ಟಾಸ್ಮೇನಿಯದಲ್ಲಿ ಸುಮಾರು 30 ಸಾವಿರ ಜನರು ತಮ್ಮನ್ನು ಮೂಲನಿವಾಸಿಗಳೆಂದು ಗುರುತಿಸಿಕೊಂಡರು. ನುಡಿ ಅಳಿಯಿತು, ಜನ ಅಳಿಯಲಿಲ್ಲ. ಈ ವ್ಯತ್ಯಾಸವನ್ನು ಮರೆತವರು ಬದುಕಿರುವವರನ್ನೇ ಇಲ್ಲವೆಂದು ಬರೆದುಬಿಟ್ಟರು.

ಈ ಜನರು 1990ರ ದಶಕದ ಆರಂಭದಲ್ಲಿ ಟಾಸ್ಮೇನಿಯನ್ ಅಬಾರಿಜಿನಲ್ ಸೆಂಟರ್ ಎಂಬ ತಮ್ಮ ಸಂಸ್ಥೆಯ ಮೂಲಕ ಒಂದು ಸಾಹಸಕ್ಕೆ ಕೈಹಾಕಿದರು. ಹಳೆಯ ಪಟ್ಟಿಗಳನ್ನೂ, ಮನೆಮನೆಗಳಲ್ಲಿ ಉಳಿದಿದ್ದ ಮಾತುಗಳನ್ನೂ, ಫ್ಯಾನಿಯ ಧ್ವನಿಮುದ್ರಣವನ್ನೂ ಒಟ್ಟಿಗೆ ಇಟ್ಟುಕೊಂಡು ‘ಪಾಲವ ಕಾನಿ’ ಎಂಬ ನುಡಿಯನ್ನು ಕಟ್ಟತೊಡಗಿದರು. ಹಿಂದಿನ ಯಾವ ಒಂದು ಭಾಷೆಯೂ ಪೂರ್ತಿಯಾಗಿ ಉಳಿದಿಲ್ಲವಾದುದರಿಂದ ಹಲವು ಭಾಷೆಗಳ ಉಳಿಕೆಗಳನ್ನು ಕೂಡಿಸಿ ಮಾಡಿದ ಭಾಷೆ ಇದು. ‘ಪಾಲವ’ ಎಂದರೆ ಟಾಸ್ಮೇನಿಯದ ಮೂಲಜನ. ‘ಕಾನಿ’ ಎಂದರೆ ಮಾತು. ಆ ನುಡಿಯಲ್ಲಿ ಟಾಸ್ಮೇನಿಯ ‘ಲುಟ್ರುವಿಟ’. ಹೋಬಾರ್ಟ್ ನಗರದ ಬೆನ್ನಿಗಿರುವ ವೆಲಿಂಗ್ಟನ್ ಬೆಟ್ಟ ‘ಕುನಾನ್ಯಿ’. 2013ರಿಂದ ಆ ಬೆಟ್ಟಕ್ಕೆ ಎರಡೂ ಹೆಸರುಗಳು ಅಧಿಕೃತವಾಗಿವೆ. ಸಮಾರಂಭಗಳ ಸ್ವಾಗತದ ಮಾತುಗಳಲ್ಲಿ, ಮಕ್ಕಳ ಹಾಡುಗಳಲ್ಲಿ ಈ ನುಡಿ ಇಂದು ಕೇಳಿಬರುತ್ತಿದೆ. ಇದು ಪೂರ್ವಿಕರ ಭಾಷೆಯೇ ಹೌದೇ ಎಂದು ಪಂಡಿತರು ಚರ್ಚಿಸಬಹುದು. ಆದರೆ ಸುಟ್ಟುಹೋದ ಮನೆಯ ಬೂದಿಯಲ್ಲಿ ಸಿಕ್ಕ ಪಾತ್ರೆಗಳನ್ನು ತೊಳೆದು ಮತ್ತೆ ಒಲೆ ಹೂಡುವವರನ್ನು ಅದು ಹಳೆಯ ಅಡುಗೆಮನೆಯಲ್ಲವೆಂದು ಹಳಿಯುವುದು ಉಚಿತವಲ್ಲ.

ನಮಗೇನು ಪಾಠ?

ಇದು ದೂರದ ದ್ವೀಪದ ಕಥೆಯಷ್ಟೇ ಎಂದು ತಿಳಿಯಬೇಕಾಗಿಲ್ಲ. 2010ರ ಜನವರಿಯಲ್ಲಿ ನಮ್ಮ ಅಂಡಮಾನಿನಲ್ಲಿ ಬೋವಾ ಎಂಬ ವೃದ್ಧೆ ತೀರಿಕೊಂಡಾಗ ‘ಬೋ’ ಎಂಬ ಭಾಷೆಯ ಕೊನೆಯ ಮಾತುಗಾರ್ತಿ ಇಲ್ಲವಾದಳು. ಆಕೆಯ ಮಾತನ್ನು ಪ್ರಾಧ್ಯಾಪಕಿ ಅನ್ವಿತಾ ಅಬ್ಬಿ ಅವರು ಮೊದಲೇ ದಾಖಲಿಸಿಕೊಂಡಿದ್ದರಿಂದ ಅಷ್ಟಾದರೂ ಉಳಿಯಿತು. ಕರ್ನಾಟಕದಲ್ಲಿಯೂ ಕೊರಗರ ನುಡಿಯಂತಹ ಸಣ್ಣ ಭಾಷೆಗಳು ಅಪಾಯದಲ್ಲಿವೆಯೆಂದು ಯುನೆಸ್ಕೋದ ಭಾಷಾಪಟ ಎಚ್ಚರಿಸಿದೆ.

ಟಾಸ್ಮೇನಿಯದಲ್ಲಿ ಆಗ ಒಬ್ಬ ತಿಳಿದವನು ಹಿರಿಯರೊಡನೆ ಕುಳಿತು ಒಂದು ವ್ಯಾಕರಣವನ್ನು ಬರೆದಿಟ್ಟಿದ್ದರೆ, ಹೇಳಿದವರ ಹೆಸರು ಊರುಗಳನ್ನು ಪಟ್ಟಿಯ ಪಕ್ಕದಲ್ಲಿ ನಮೂದಿಸಿದ್ದರೆ, ಇಂದು ಉತ್ತರವಿಲ್ಲದ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಸಿಗುತ್ತಿತ್ತು. ಅಲ್ಲಿ ಕೈತಪ್ಪಿದ ಕೆಲಸವನ್ನು ಇಲ್ಲಿ ಪ್ರತಿಯೊಂದು ಮನೆಯೂ ಮಾಡಬಹುದು. ಹಿರಿಯರು ಹೇಳುವ ಹಾಡು, ಗಾದೆ, ಸಸ್ಯಗಳ ಹೆಸರು, ನಮ್ಮ ನಮ್ಮ ಸೀಮೆಯ ಮಾತಿನ ಸೊಗಡು ಇವನ್ನು ಮಕ್ಕಳಿಂದಲೇ ಬರೆಯಿಸಿಡಿ. ಹೇಳಿದವರ ಹೆಸರನ್ನೂ ಊರನ್ನೂ ದಿನಾಂಕವನ್ನೂ ಜೊತೆಗೆ ಬರೆಯಿಸಿ. ಧ್ವನಿಮುದ್ರಣ ಮಾಡಿಟ್ಟರೆ ಇನ್ನೂ ಲೇಸು. ಅದಕ್ಕಿಂತಲೂ ಮುಖ್ಯವಾದುದು, ಅಜ್ಜ ಅಜ್ಜಿಯರ ಬಳಿ ಮಕ್ಕಳು ಕುಳಿತು ಮಾತು ಕೇಳುವ ಬಿಡುವನ್ನು ಉಳಿಸಿಕೊಡುವುದು. ಪುಸ್ತಕದಲ್ಲಿ ಸೇರಿದ ಮಾತು ಉಳಿಯುತ್ತದೆ, ನಿಜ. ಆದರೆ ಮಗುವಿನ ನಾಲಿಗೆಗೆ ದಾಟಿದ ಮಾತು ಬೆಳೆಯುತ್ತದೆ.